ಕೂದಲು ತಿಂದದ್ದು ನಾನಲ್ಲ

“ನನ್ನ ಮಗನ ಕೂದಲಾ ತಿಂದ ಶನಿ ಇದು. ಇವತ್ತ ಇದನ್ನ ಒಲಿಗೆ ಹಾಕೇ ಬಿಡತೇನಿ.”

“ಯವ್ವಾ, ಕೊಡು ಇಲ್ಲೆ. ಹೊತ್ತಾಗೇತಿ.”

“ಕೊಡೂದಿಲ್ಲ. ಕನ್ಯಾ ನೋಡಾಕ ಹೊಂಟಾನಂತ, ತಲಿಮ್ಯಾಲೆ ಗಡಗಿ ಹೊತಗೊಂಡು.”

ಶಾವಂತ್ರವ್ವ ನನ್ನ ಪಟ್ಟಿ ಹಿಡಿದು ನೀರೊಲೆಯ ಮುಂದೆ ತೂಗಾಡಿಸುತ್ತಿದ್ದಳು. ಅವಳ ಒಬ್ಬನೇ ಮಗ ಆರೂಢ ಇನ್ನೊಂದು ಕಡೆಯಿಂದ ಜಗ್ಗುತ್ತಿದ್ದ. ಕೆಳಗೆ ಕೆಂಡ. ನನಗೆ ಬಾಯಿದ್ದಿದ್ದರೆ ರಾಣೆಬೆನ್ನೂರಿಗೆಲ್ಲ ಕೇಳುವಂತೆ ಕೂಗುತ್ತಿದ್ದೆ. ಕೂದಲು ತಿನ್ನಲು ನಾನೇನು ಹುಳವೇ, ನುಸಿಯೇ? ನಾನು ಒಂದು ಹೆಲ್ಮೆಟ್ಟು. ತಲೆ ಕಾಯುವುದು ನನ್ನ ಕೆಲಸ. ಮಾಡದ ತಪ್ಪನ್ನು ನನ್ನ ತಲೆಗೆ ಕಟ್ಟಿದರೆ ನನಗೂ ಸಿಟ್ಟು ಬರುತ್ತದೆ. ಆದ್ದರಿಂದ ನನ್ನ ಕಥೆಯನ್ನು ನಾನೇ ಹೇಳುತ್ತೇನೆ.

ನಾನು ಹುಟ್ಟಿದ್ದು ಬಲು ದೂರದ ಒಂದು ತಗಡಿನ ಶೆಡ್ಡಿನಲ್ಲಿ. ಕಾದ ಪ್ಲಾಸ್ಟಿಕ್ಕನ್ನು ಅಚ್ಚಿಗೆ ಒತ್ತಿ ಚಿಪ್ಪು ಮಾಡಿದರು. ಒಳಗೆ ಥರ್ಮಾಕೋಲು ಕೂರಿಸಿ, ಅದರ ಮೇಲೆ ಕೆಂಪು ಮಕಮಲ್ಲು ಅಂಟಿಸಿದರು. ಕೊನೆಗೆ ಒಬ್ಬ ಬಂದು ನನ್ನ ಹಿಂದಲೆಗೆ, ಪರೀಕ್ಷೆಯಲ್ಲಿ ಪಾಸಾದ ಹೆಲ್ಮೆಟ್ಟುಗಳಿಗೆ ಹಾಕುವ ಗುರುತಿನ ಚೀಟಿ ಅಂಟಿಸಿದ. ಪರೀಕ್ಷೆಯನ್ನು ಯಾರೂ ಮಾಡಿರಲಿಲ್ಲ. ಚೀಟಿ ಶುದ್ಧ ಸುಳ್ಳು. ಅಂಥ ಚೀಟಿ ಹೊತ್ತು ತಿರುಗುವುದು ಎಂಥ ಹಿಂಸೆ ಎಂಬುದು ಹೊತ್ತವರಿಗೇ ಗೊತ್ತು.

ಹೆದ್ದಾರಿಯ ಪಕ್ಕದಲ್ಲಿ ಬಿದಿರಿಗೆ ನೇತುಹಾಕಿ ಮಾರುತ್ತಿದ್ದವನಿಂದ ನನ್ನನ್ನು ಮೊದಲು ಕೊಂಡವರು ಹಾಲಪ್ಪ ಮಾಸ್ತರು. ಅವರ ತಲೆಯ ತುಂಬ ಕೂದಲಿತ್ತು. ಕ್ರಾಪು ಕೆಡುತ್ತದೆಂದು ನನ್ನನ್ನು ಮೊಣಕೈಗೆ ಸಿಕ್ಕಿಸಿಕೊಂಡು ಗಾಡಿ ಓಡಿಸುತ್ತಿದ್ದರು. ಪೊಲೀಸರು ಕಂಡರೆ ಮಾತ್ರ ತಲೆಗೆ ಬರುತ್ತಿದ್ದೆ. ನಾನು ಅವರ ಮೊಣಕೈ ಕಾದದ್ದೇ ಹೆಚ್ಚು. ನಿವೃತ್ತಿಯ ಫೋಟೋ ತೆಗೆಸಲು ಆರೂಢನ ಸ್ಟುಡಿಯೋಗೆ ಬಂದವರು ನನ್ನನ್ನು ಅಲ್ಲಿಯೇ ಮರೆತು ಹೋದರು. ಆಮೇಲೊಮ್ಮೆ ಹೊಸ ಹೆಲ್ಮೆಟ್ಟಿನೊಂದಿಗೆ ಬಂದು, ಹಳೆಯದನ್ನು ನೀನೇ ಇಟ್ಟುಕೋ ಎಂದರು. ಹೀಗೆ ನಾನು ಆರೂಢನವನಾದೆ.

ಆಗ ಆರೂಢನ ತಲೆಯೂ ಕರ್ರಗಿನ ಕಾಡು. ಸ್ಟುಡಿಯೋದ ಕನ್ನಡಿಯ ಕೆಳಗೆ ಗಿರಾಕಿಗಳಿಗೆಂದು ದಾರ ಕಟ್ಟಿದ ಒಂದು ಹಣಿಗೆ, ಒಂದು ಪೌಡರ್ ಡಬ್ಬಿ ಇದ್ದವು. ಆ ಹಣಿಗೆಯನ್ನು ಎಲ್ಲರಿಗಿಂತ ಹೆಚ್ಚು ಬಳಸುತ್ತಿದ್ದವನು ಅವನೇ. ಇಪ್ಪತ್ಮೂರು ತುಂಬಿದ ವರ್ಷ ಅವನ ಕೂದಲು ಉದುರತೊಡಗಿತು. ಮೊದಲು ಕಂಡದ್ದು ನನಗೆ, ನನ್ನ ಕೆಂಪು ಮಕಮಲ್ಲಿನ ಮೇಲೆ. ಅವನು ನನ್ನನ್ನು ಕಿಟಕಿಯ ಬೆಳಕಿಗೆ ಹಿಡಿದು, ಒಂದೊಂದೇ ಕೂದಲನ್ನು ಬೆರಳಿನಿಂದ ಎತ್ತಿ ನೋಡುತ್ತಿದ್ದ. ಬಿಸಾಕಲು ಮನಸ್ಸಾಗದೆ ಸ್ವಲ್ಪ ಹೊತ್ತು ಕೈಯಲ್ಲೇ ಇಟ್ಟುಕೊಂಡು ನಿಲ್ಲುತ್ತಿದ್ದ.

ಆಮೇಲೆ ಔಷಧಗಳ ಕಾಲ. ಗರಗದ ಸೊಪ್ಪಿನ ಎಣ್ಣೆ ಹಚ್ಚಿದ. ಯಾರೋ ಹೇಳಿದರೆಂದು ಉಳ್ಳಾಗಡ್ಡಿ ರಸ ಬಳಿದುಕೊಂಡ. ಆ ನಾತ ಕುಡಿದವನು ನಾನು. ಹರಕೆ ಹೊತ್ತು ತಲೆ ಬೋಳಿಸಿಕೊಂಡ. ಬೋಳಿಸಿದ್ದು ಬದಿಗಳಲ್ಲಿ ಬೆಳೆಯಿತು, ನಡುವೆ ಬರಲಿಲ್ಲ. ಕೊನೆಗೆ ತೋರಿಸಿಕೊಂಡ ಡಾಕ್ಟರು, ಇದು ವಂಶದಿಂದ ಬರುವಂಥದ್ದು, ನಿಮ್ಮ ತಂದೆಗೆ ಕೂದಲಿತ್ತೇ ಎಂದು ಕೇಳಿದರಂತೆ. ಆರೂಢ ತಂದೆಯನ್ನು ಕಳೆದುಕೊಂಡಾಗ ತೀರ ಸಣ್ಣವನು. ಗೋಡೆಯ ಮೇಲಿನ ಫೋಟೋದಲ್ಲಿ ಅವನ ತಂದೆ ಬಿಳಿ ರುಮಾಲು ಸುತ್ತಿ ಕೂತಿದ್ದರು. ಆ ರುಮಾಲು ಇನ್ನೂ ಮನೆಯ ಗೂಟದಲ್ಲಿ, ನನ್ನ ಪಕ್ಕದಲ್ಲಿಯೇ ಇತ್ತು. ಮಗ ಬಂದು ಕೇಳಿದರೆ ಶಾವಂತ್ರವ್ವ, ನಿಮ್ಮಪ್ಪಗೇನಾಗಿತ್ತು, ಹುಲಿ ಇದ್ದಂಗಿದ್ದ ಎಂದು ಮುಖ ತಿರುಗಿಸಿದಳು. ಅವತ್ತಿನಿಂದಲೇ ಅವಳು ನನ್ನನ್ನು ಬೈಯತೊಡಗಿದ್ದು. ಹೆಲ್ಮೆಟ್ಟಿನೊಳಗೆ ಗಾಳಿಯಾಡದೆ ಕೂದಲು ಕೊಳೆಯಿತು ಎಂದು ಓಣಿಗೆಲ್ಲ ಸಾರಿದಳು.

ಒಂದು ಮದುವೆಯಲ್ಲಿ ಆರೂಢ ಬಗ್ಗಿ ಫೋಟೋ ತೆಗೆಯುವಾಗ ಬೀಗರ ಕಡೆಯವನೊಬ್ಬ ಲೈಟ್ ಹಿಡಿದವನಿಗೆ ಕೂಗಿ ಹೇಳಿದನಂತೆ: “ಲೈಟ್ ಯಾಕೋ ತಮ್ಮಾ, ಫೋಟೋಗ್ರಾಫರ್ ಬಗ್ಗಿದ್ರ ಸಾಕು.” ಮಂಟಪವೆಲ್ಲ ನಕ್ಕಿತು. ಮದುಮಗಳೂ ನಕ್ಕಳು. ಅಂದು ರಾತ್ರಿ ಅವನು ನನ್ನನ್ನು ಹಾಕಿಕೊಂಡವನು ಮನೆಗೆ ಬಂದರೂ ಬೇಗ ತೆಗೆಯಲಿಲ್ಲ. ಅಲ್ಲಿಂದ ಮದುವೆಗಳಲ್ಲಿ ಕ್ಯಾಪು, ಹೊರಗೆಲ್ಲ ನಾನು. ಚಹಾದಂಗಡಿಯಲ್ಲಿ ನನ್ನ ಗಾಜು ಎತ್ತಿ ಚಹಾ ಕುಡಿಯುತ್ತಿದ್ದ. ಸರ್ಕಲ್ಲಿನ ಪೊಲೀಸರು ಅವನನ್ನು ತೋರಿಸಿ, ನೋಡ್ರಿ, ಕಾನೂನು ಅಂದ್ರ ಹಿಂಗ ಪಾಲಿಸಬೇಕು ಎಂದು ಬೇರೆಯವರಿಗೆ ದಂಡ ಹಾಕುತ್ತಿದ್ದರು. ನನಗೆ ನಗಬೇಕೋ ಅಳಬೇಕೋ ತಿಳಿಯುತ್ತಿರಲಿಲ್ಲ.

ಬ್ಯಾಡಗಿಯ ಸಂಬಂಧ ಬಂದದ್ದು ಇಂಥ ಹೊತ್ತಿನಲ್ಲಿ. ಹುಡುಗಿಯ ಹೆಸರು ಮಧುಮತಿ, ಬಿ.ಎಡ್. ಮುಗಿಸಿದವಳು. ಅವಳ ಫೋಟೋ ಕಂಡ ದಿನದಿಂದ ಆರೂಢ ಗಾಡಿಯ ಮೇಲೆ ಗುನುಗತೊಡಗಿದ. ಹಿಂದೆಯೂ ಎರಡು ಕಡೆಯವರು ಅವನ ಫೋಟೋ ನೋಡಿಯೇ ಒಲ್ಲೆ ಎಂದಿದ್ದರು. ಈ ಸಲ ಹಾಗಾಗಬಾರದು. ಫೋಟೋಗಳಲ್ಲಿ ಊರಿನ ಜನರ ಮೊಡವೆ ತೆಗೆದು, ಬಣ್ಣ ಬೆಳ್ಳಗೆ ಮಾಡಿ ಪಳಗಿದ ಕೈ ಅವನದು. ತಾನೇ ತೆಗೆದ ಯಾವುದೋ ಮದುಮಗನ ಫೋಟೋದಿಂದ ಕೂದಲು ಎತ್ತಿ ಕಂಪ್ಯೂಟರಿನಲ್ಲಿ ತನ್ನ ತಲೆಗೆ ಕೂರಿಸಿದ. ಅದನ್ನೇ ಬ್ಯಾಡಗಿಗೆ ಕಳಿಸಿದ. ನನ್ನ ಹಿಂದಲೆಯ ಚೀಟಿ ನನಗೆ ನೆನಪಾಯಿತು.

ಹೀಗೆ ಬಂತು ಒಲೆಯ ಮುಂದಿನ ಆ ಜಗಳದ ಮುಂಜಾನೆ. ಆರೂಢ ಕಸಿದುಕೊಂಡ, ನಾನು ಉಳಿದೆ. ಶಾವಂತ್ರವ್ವ ಗಾಡಿಯ ಹಿಂದೆ ಕೂತು ದಾರಿಯುದ್ದಕ್ಕೂ ನನ್ನ ಬೆನ್ನಿಗೆ ಬೈದಳು. ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದಾಗ ಊರು ಬಂತೆಂದು ತಿಳಿಯಿತು. ಹುಡುಗಿಯ ಮನೆಯ ಮುಂದೆ ಅವನು ನನ್ನನ್ನು ತೆಗೆದು, ಅದೇ ಕೈಯಲ್ಲಿ ಕ್ಯಾಪು ಹಾಕಿಕೊಂಡ. ಗಾಳಿಗೂ ಅವನ ತಲೆ ಕಾಣಲಿಲ್ಲ.

ಒಳಗೆ ಚಾಪೆಯ ಮೇಲೆ ಕೂತ. ನಾನು ಅವನ ತೊಡೆಯ ಮೇಲೆ. ಅವಲಕ್ಕಿ ಬಂತು, ಚಹಾ ಬಂತು. ಮೂಲೆಯಲ್ಲಿ ಎಲೆ ಅಡಿಕೆ ಕುಟ್ಟುತ್ತಿದ್ದ ಹುಡುಗಿಯ ಅಜ್ಜಿ ಅವನನ್ನೇ ನೋಡುತ್ತ ಕೇಳಿದಳು:

“ಮನಿಯೊಳಗೂ ಬಿಸಲೈತೇನಪಾ ತಮ್ಮಾ?”

ಎಲ್ಲರೂ ನಕ್ಕರು. ಆರೂಢನ ಅಂಗೈ ಬೆವರು ನನ್ನ ಚಿಪ್ಪಿಗೆ ಹತ್ತಿತು. ಅವನು ಕ್ಯಾಪಿನ ಅಂಚು ಮುಟ್ಟಿದ. ಈಗ ತೆಗೆ ಮಾರಾಯ ಎಂದು ನಾನು ಒಳಗೊಳಗೇ ಒದರಿದೆ. ಕೈ ಕೆಳಗಿಳಿಯಿತು.

ಹುಡುಗಿಗೆ ಕೇಳುವುದೇನಾದರೂ ಇದ್ದರೆ ಕೇಳಲಿ ಎಂದು ಅವಳ ತಂದೆ ಹೇಳಿದರು. ಮಧುಮತಿ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಅವನ ಫೋಟೋ ಇತ್ತು. ದನಿ ಏರಿಸದೆ ಹೇಳಿದಳು:

“ಈ ಕೂದಲಾ ನನ್ನ ಗೆಳತಿ ಶೈಲಾನ ಗಂಡನ್ವು. ಅವರ ಮದವಿ ಆಲ್ಬಮ್ಮಿನ್ಯಾಗ ನೋಡೇನಿ. ಹಣಿಮ್ಯಾಲಿನ ಸುಳಿ ಸುದ್ದಾ ಹಂಗ ಐತಿ.”

ಆ ಆಲ್ಬಮ್ಮು ಮಾಡಿದವನು ಆರೂಢನೇ. ಅವನು ಎದ್ದ. ಕ್ಯಾಪಿನ ಮೇಲೆಯೇ ನನ್ನನ್ನು ಹಾಕಿಕೊಂಡು, ಗಾಜು ಇಳಿಸಿ, ಪಡಸಾಲೆ ದಾಟಿದ. ಒಳಗೆ ಅವನ ಉಸಿರು ಬಿಸಿಯಾಗಿತ್ತು. ಗಾಜಿಗೆ ಮಂಜು ಕಟ್ಟಿತು. ತಾಯಿ ಓಡಿಬಂದು ಹಿಂದೆ ಕೂತಳು. ಬರುವಾಗ ಅವಳು ನನ್ನನ್ನು ಬೈಯಲಿಲ್ಲ.

ಮನೆಗೆ ಬಂದ ಮೇಲೂ ಅವನು ನನ್ನನ್ನು ತೆಗೆಯಲಿಲ್ಲ. ಮಂಚದ ಮೇಲೆ ಹಾಗೆಯೇ ಗೋಡೆಗೆ ಮುಖ ಮಾಡಿ ಕೂತ. ತಟ್ಟೆಯಲ್ಲಿ ರೊಟ್ಟಿ ತಣ್ಣಗಾಯಿತು. ಶಾವಂತ್ರವ್ವ ಅದನ್ನು ಮುಚ್ಚಿಟ್ಟಳು. ಆಮೇಲೆ ಎದ್ದು, ಗೂಟದಿಂದ ಆ ಹಳೆಯ ರುಮಾಲು ಇಳಿಸಿ ಅವನ ಮುಂದೆ ಇಟ್ಟಳು.

“ನಿಮ್ಮಪ್ಪನ ತಲ್ಯಾಗೂ ಕೂದಲಾ ಇರಲಿಲ್ಲೋ ಯಪ್ಪಾ. ನನಗ ಗೊತ್ತಾಗಿದ್ದ ಮದವಿ ಆದ ಮ್ಯಾಲ. ನಾ ಏನೂ ಅಂದಿಲ್ಲ. ಆದ್ರೂ ಅಂವ ಒಂದಿನಾನೂ ನನ್ನ ಮುಂದ ಬರಿ ತಲೀಲೆ ಕುಂದರಲಿಲ್ಲ. ಮಲಗುವಾಗೂ ಸುತಗೋತಿದ್ದ. ಸತ್ತಾಗ ಜಳಕಾ ಮಾಡಸಾಕ ಬಿಚ್ಚಿದ್ರು. ಮಂದಿ ನೋಡಿದ್ರು. ನಾ ಓಡಿಹೋಗಿ ಸೆರಗ ಹಾಕಿ ಮುಚ್ಚಿದ್ನಿ. ಮಂದಿ ನೋಡೂದು ಅಂವಗ ಆಗಿಬರತಿದ್ದಿಲ್ಲಲ್ಲಾ, ಅದಕ್ಕ.”

ರುಮಾಲಿನ ಮಡಿಕೆ ಸವರುತ್ತ ಹೇಳಿದಳು: “ಅಂವನ ತಲಿ ಮ್ಯಾಲೆ ಒಮ್ಮೆ ಕೈಯಾಡಸಬೇಕಂತ ಬಾಳ ಆಸೆ ಇತ್ತು ನನಗ.”

ಗಂಡನ ಮರ್ಯಾದೆ ಕಾಯಲು ಅವಳು ಇಷ್ಟು ವರ್ಷ ನನ್ನನ್ನು ಬೈದಿದ್ದಳು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಆರೂಢನ ಕೈ ಗದ್ದದ ಕೆಳಗೆ ಬಂತು. ಪಟ್ಟಿ ಬಿಚ್ಚಿದ. ನನ್ನನ್ನು ತೆಗೆದು ಮಂಚದ ಮೇಲಿಟ್ಟ. ಕ್ಯಾಪೂ ತೆಗೆದ. ಶಾವಂತ್ರವ್ವ ಮಗನ ತಲೆಯ ಮೇಲೆ ಕೈಯಿಟ್ಟಳು. ಇಬ್ಬರೂ ಅತ್ತರು.

ಮರುದಿನ ಅವನು ಅಂಗಳದಲ್ಲಿ ಕ್ಯಾಮರಾ ಹೂಡಿ, ಇಲ್ಲೆ ಒತ್ತಬೇಕು ಯವ್ವಾ ಎಂದು ತಾಯಿಗೆ ತೋರಿಸಿ, ಬರಿ ತಲೆಯಲ್ಲಿ ನಿಂತ. ಶಾವಂತ್ರವ್ವ ಉಸಿರು ಬಿಗಿಹಿಡಿದು ಹೆಬ್ಬೆರಳಲ್ಲಿ ಒತ್ತಿದಳು. ಆ ಫೋಟೋ ಹಿಡಿದು ಅವನು ಬಸ್ಸಿನಲ್ಲಿ ಬ್ಯಾಡಗಿಗೆ ಹೋದ. ಸಂಜೆ ಬಂದು ಊಟಕ್ಕೆ ಕೂತಾಗ ಹೇಳಿದ. ಮಧುಮತಿ ಫೋಟೋ ನೋಡಿ, ಮೊದಲೇ ಇದನ್ನ ಕಳಿಸಿದ್ರ ನಾ ಹೂಂ ಅಂತಿದ್ದೆ, ಇನ್ನ ನಿಮ್ಮ ಖರೇ ಮಾತಿಗೂ ನನಗ ಅನುಮಾನ ಬರತೈತಿ ಎಂದಳಂತೆ. ತಪ್ಪು ಅವಳದಲ್ಲ ಯವ್ವಾ, ಇನ್ನೊಂದು ರೊಟ್ಟಿ ಹಾಕು ಎಂದ. ತಂದೆಯ ಫೋಟೋದ ಕೆಳಗೆ ಬರಿ ತಲೆಯಲ್ಲಿ ಕೂತು ಉಂಡ.

ಇದೆಲ್ಲ ಆಗಿ ಬಹಳ ಕಾಲವಾಯಿತು. ಈಗ ನಾನು ಅಡುಗೆಮನೆಯ ಮೂಲೆಯಲ್ಲಿದ್ದೇನೆ. ಶಾವಂತ್ರವ್ವ ನನ್ನಲ್ಲಿ ಉಳ್ಳಾಗಡ್ಡಿ ತುಂಬಿಡುತ್ತಾಳೆ. ಆ ನಾತ ನನಗೆ ಹೊಸದಲ್ಲ. ಆರೂಢನ ಗಾಡಿಗೆ ನಿಜವಾದ ಗುರುತಿನ ಹೊಸ ಹೆಲ್ಮೆಟ್ಟು ಬಂದಿದೆ. ಗಾಡಿ ಹತ್ತಿದಾಗ ಹಾಕುತ್ತಾನೆ, ಇಳಿದಾಗ ತೆಗೆಯುತ್ತಾನೆ. ಹೆಲ್ಮೆಟ್ಟಿನ ಕೆಲಸ ಅಷ್ಟೇ. ಅದಕ್ಕಿಂತ ಹೆಚ್ಚಿನದನ್ನು ಮುಚ್ಚಲು ನಮ್ಮಂಥವರನ್ನು ಬಳಸಬಾರದು. ಒಳಗಿನ ತಲೆಗೆ ಉಸಿರು ಕಟ್ಟುತ್ತದೆ.

ಆದರೆ ಅವನು ಎರಡನೆಯ ಸಲ ಬ್ಯಾಡಗಿಯಿಂದ ಬಂದ ಮರುದಿನದ ಮುಂಜಾನೆಯನ್ನು ನಾನು ಮರೆತಿಲ್ಲ. ಊರೊಳಗೇ ಒಂದು ಮದುವೆಯ ಫೋಟೋ ಕೆಲಸವಿತ್ತು. ಮಂಟಪದಲ್ಲಿ ಜನ ಇರುತ್ತಾರೆ, ನಗುವವರೂ ಇರುತ್ತಾರೆ. ಆರೂಢ ಗೂಟದ ಮುಂದೆ ಬಂದು ನಿಂತ. ಕೈ ಮೇಲೆತ್ತಿದ. ಬೆರಳು ನನ್ನ ಪಟ್ಟಿಗೆ ತಾಗಿತು. ಕ್ಷಣ ಹೊತ್ತು ಹಾಗೆಯೇ ನಿಂತಿದ್ದು, ಪಕ್ಕದ ಗೂಟದಲ್ಲಿದ್ದ ಕ್ಯಾಮರಾ ಚೀಲ ತೆಗೆದು ಹೆಗಲಿಗೆ ಹಾಕಿದ.

“ಬಿಸಲೈತಿ, ತಲಿಗೆ ಏನರ...” ಎನ್ನುತ್ತ ಶಾವಂತ್ರವ್ವ ಮಾತನ್ನು ಅರ್ಧಕ್ಕೇ ನಿಲ್ಲಿಸಿದಳು.

ಅವನು ಮೆಟ್ಟಿಲಿಳಿದ. ಬಿಸಿಲು ಅವನ ತಲೆಯ ಮೇಲೆ ಬಿತ್ತು. ಓಣಿಯ ತಿರುವಿನ ತನಕ ನೋಡಿದೆ. ಸಂಜೆ ಅವನು ಮನೆಗೆ ಬಂದ. ನನ್ನ ಬಳಿಗೆ ಮಾತ್ರ ಮತ್ತೆಂದೂ ಬರಲಿಲ್ಲ.