ಮದುವೆ ಮದ್ದಲ್ಲ

ಆ ಮನೆಯಲ್ಲಿ ಬೆಳಗಿನ ಚಹಾ ಮುಗಿಯುವ ಮೊದಲೇ ಅಂಗಳದಿಂದ ಉಜ್ಜುಗೊರಡಿನ ಸದ್ದು ಕೇಳುತ್ತಿತ್ತು. ತಂದೆ ತೀರಿಕೊಂಡ ಮೇಲೆ ಮರಗೆಲಸವನ್ನು ಮಗನೇ ಹಿಡಿದಿದ್ದ. ಅವನು ಕೂರಿಸಿದ ಬಾಗಿಲು ಕಿರುಗುಟ್ಟದು ಎಂದು ಬೀದಿಯವರ ಮಾತು. ಅವನ ಅಕ್ಕ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದಳು.

ಎರಡು ವರ್ಷದ ಹಿಂದೆ ತೊಲೆಯೊಂದು ಜಾರಿ ಅವನ ಭುಜದ ಮೂಳೆ ಮುರಿಯಿತು. ವೈದ್ಯರು ಹತ್ತು ದಿನಕ್ಕೆಂದು ನೋವಿನ ಮಾತ್ರೆ ಬರೆದುಕೊಟ್ಟರು. ಅಫೀಮಿನ ಜಾತಿಯ ಬಲವಾದ ಮಾತ್ರೆ. ಮೂಳೆ ಕೂಡಿತು, ಮಾತ್ರೆ ನಿಲ್ಲಲಿಲ್ಲ. ಅಕ್ಕ ಚೀಟಿಯಿಲ್ಲದೆ ಕೊಡಳೆಂದು ಬೇರೆಡೆ ಕದ್ದುಮುಚ್ಚಿ ಕೊಂಡ. ಒಂದು ಸಾಲದೆ ಎರಡಾಯಿತು, ಆರಾಯಿತು. ತಪ್ಪಿದ ದಿನ ಮೈಯೆಲ್ಲ ಬೆವರು, ಬಿಡದ ಆಕಳಿಕೆ, ಹೊಟ್ಟೆ ಹಿಂಡುವ ನೋವು. ಉಜ್ಜುಗೊರಡು ಮೂಲೆ ಸೇರಿತು.

ಯಾರಾದರೂ ಕೇಳಿದರೆ ತಾಯಿ "ಸ್ವಲ್ಪ ಪಿತ್ತ" ಎನ್ನುತ್ತಿದ್ದಳು. ಪರಿಹಾರ ಹುಡುಕಿದವನು ಸೋದರಮಾವ.

"ಒಂದು ಮದುವೆ ಮಾಡಿಬಿಡಿ. ತಲೆ ಮೇಲೆ ಜವಾಬ್ದಾರಿ ಬಿದ್ರೆ ತಾನೇ ದಾರಿಗೆ ಬರ್ತಾನೆ."

ಹಿರಿಯರಿಗೆ ಇದು ಹೊಸ ಮದ್ದೇನಲ್ಲ. ಕುಡುಕನಿಗೂ ಜೂಜುಕೋರನಿಗೂ ಇದನ್ನೇ ಕೊಟ್ಟವರು; ಎಷ್ಟು ಹೆಣ್ಣುಮಕ್ಕಳ ಬಾಳನ್ನು ಅರೆದು ಕುಡಿಸಿದರೋ!

"ಕಾಲು ಮುರಿದೋರಿಗೆ ಮದುವೆ ಮಾಡಿದ್ರೆ ಕಾಲು ಕೂಡುತ್ತಾ ಮಾವ?" ಅಕ್ಕ ಕೇಳಿದಳು. "ಇದು ಸೋಮಾರಿತನ ಅಲ್ಲ, ಕಾಯಿಲೆ. ಮೈ ಮಾತ್ರೆಗೆ ಒಗ್ಗಿಹೋಗಿದೆ. ಡಾಕ್ಟರ ಹತ್ರ ಹೋದ್ರೆ ಔಷಧಿ ಕೊಟ್ಟು ನಿಧಾನವಾಗಿ ಬಿಡಿಸ್ತಾರೆ."

"ಆಸ್ಪತ್ರೆ ಮೆಟ್ಟಿಲು ಹತ್ತಿದ್ರೆ ಮನೆ ಮಾನ ಬೀದಿಪಾಲು. ನೀನು ಬಾಯಿಗೆ ಬೀಗ ಹಾಕ್ಕೊಂಡಿರು."

ಭಾನುವಾರ ಹೆಣ್ಣಿನ ಕಡೆಯವರು ಹುಡುಗಿಯನ್ನೂ ಕರೆದುಕೊಂಡು ಗಂಡಿನ ಮನೆ ನೋಡಲು ಬಂದರು. ಹುಡುಗಿ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು. ಅವಳ ಕಣ್ಣಿಗೆ ಯಾವುದೂ ತಪ್ಪುವಂತಿರಲಿಲ್ಲ.

"ಇವರು ಯಾಕೆ ಇಷ್ಟು ಬೆವರ್ತಿದ್ದಾರೆ?"

"ನಾಚಿಕೆ ತಾಯಿ, ನಾಚಿಕೆ! ಆಳುದ್ದ ಗರಗಸ ಹಿಡಿಯೋನು, ಹೆಣ್ಣು ಕಂಡ್ರೆ ನೀರಾಗ್ತಾನೆ!" ಎಂದ ಮಾವ.

ಎಲ್ಲರೂ ನಕ್ಕರು. ಅಕ್ಕ ಎದ್ದು ನಿಂತಳು.

"ನಾಚಿಕೆ ಅಲ್ಲಮ್ಮ. ನನ್ನ ತಮ್ಮನಿಗೆ ನೋವಿನ ಮಾತ್ರೆಯ ಚಟ ಇದೆ. ನಿನ್ನೆಯಿಂದ ಸಿಕ್ಕಿಲ್ಲ, ಅದಕ್ಕೇ ಈ ಬೆವರು. ಅವನನ್ನ ಗುಣ ಮಾಡಿಸೋ ಕೆಲಸ ನಮ್ಮದು, ನಿನ್ನದಲ್ಲ."

"ಹುಚ್ಚು ಹಿಡಿದಿದೆಯಾ ನಿನಗೆ?" ಮಾವ ಕುರ್ಚಿ ತಳ್ಳಿ ಎದ್ದ. "ಸುಳ್ಳು, ಎಲ್ಲಾ ಸುಳ್ಳು!"

"ಸುಳ್ಳಲ್ಲ ಮಾವ." ತಮ್ಮ ತಲೆಯೆತ್ತಿದ. "ದಿನಕ್ಕೆ ಹನ್ನೆರಡು ನುಂಗ್ತೀನಿ. ಬಿಡಬೇಕು ಅನ್ಸುತ್ತೆ. ಒಬ್ಬನಿಂದ ಆಗ್ತಿಲ್ಲ."

ಹುಡುಗಿಯ ತಂದೆ ಸಿಡುಕುತ್ತ ಹೊರನಡೆದ. ಅವಳು ಮಾತ್ರ ಹೊಸ್ತಿಲಲ್ಲಿ ನಿಂತು ಅಕ್ಕನ ಕೈ ಒತ್ತಿದಳು. "ನನ್ನನ್ನ ಉಳಿಸಿದ್ರಿ. ಅವರನ್ನೂ ಉಳಿಸ್ಕೊಳ್ಳಿ."

ಮಾವ ಆವತ್ತೇ ಮುನಿಸಿಕೊಂಡು ಹೋದ. ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ತಮ್ಮನ ಒಂದು ಪಕ್ಕ ಅಕ್ಕ, ಇನ್ನೊಂದು ಪಕ್ಕ ತಾಯಿ. ಎದುರಿನ ಸಾಲಿನಲ್ಲಿ ಪಕ್ಕದ ಮನೆಯವಳು ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಗುಮಾಸ್ತ "ಏನು ತೊಂದರೆ?" ಎಂದ. ಅಕ್ಕ ಬಾಯಿ ತೆರೆಯುವ ಮೊದಲೇ ತಾಯಿ ಎದ್ದಳು. ದನಿ ಮೊದಲು ನಡುಗಿತು, ಆಮೇಲೆ ಗಟ್ಟಿಯಾಯಿತು.

"ನನ್ನ ಮಗನಿಗೆ ಮಾತ್ರೆ ಚಟ. ಬಿಡಿಸೋಕೆ ಕರ್ಕೊಂಡು ಬಂದಿದ್ದೀನಿ. ದೊಡ್ಡ ಅಕ್ಷರದಲ್ಲೇ ಬರ್ಕೊಳ್ಳಿ."