ಒಗೆಯದೆ ಇಟ್ಟ ಜಾಕೆಟ್ಟು

ಅವನು ಬೈಕಿನಿಂದ ಒಮ್ಮೆಯೂ ಬಿದ್ದವನಲ್ಲ. ಗಲ್ಲಿಯ ತುದಿಯ ಅಂಗಡಿಗೆ ಹೊರಟರೂ ಜಾಕೆಟ್ಟು, ಗ್ಲೌಸು, ಹೆಲ್ಮೆಟ್ಟು ಎಲ್ಲ ಬೇಕು. "ಯುದ್ಧಕ್ಕೆ ಹೊರಟ್ಯೇನೋ?" ಅಂತ ತಾಯಿ ರೇಗಿಸುತ್ತಿದ್ದಳು. ಅಂಥವನನ್ನು ಒಂದು ಜ್ವರ ಹಾಸಿಗೆಯಿಂದಲೇ ಎತ್ತಿಕೊಂಡು ಹೋಯಿತು.

ತಾಯಿ ಅವನ ಜಾಕೆಟ್ಟನ್ನು ಒಗೆಯಲಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀರುವಿನಲ್ಲಿಟ್ಟಳು. ಮಧ್ಯಾಹ್ನ ಸೊಸೆ ಮಲಗಿದ ಮೇಲೆ ಗಂಟು ಬಿಚ್ಚಿ, ಕಾಲರಿಗೆ ಮುಖ ಒತ್ತಿ ಕೂತಿರುತ್ತಿದ್ದಳು. ವಾಸನೆ ಹೋಗಿಬಿಟ್ಟೀತೆಂದು ಮತ್ತೆ ಬಿಗಿಯಾಗಿ ಕಟ್ಟುತ್ತಿದ್ದಳು. ಸೊಸೆಗೆ ಅದೆಲ್ಲ ಗೊತ್ತಿತ್ತು. ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡೇ ಇರುತ್ತಿದ್ದಳು.

ಮಳೆಗಾಲ ಕಳೆದ ಮೇಲೆ ಸೊಸೆಗೆ ಲ್ಯಾಬೊಂದರಲ್ಲಿ ಕೆಲಸ ಸಿಕ್ಕಿತು. ಮನೆಮನೆಗೆ ಹೋಗಿ ರಕ್ತದ ಸ್ಯಾಂಪಲ್ ತರಬೇಕು. ಬೈಕ್ ಓಡಿಸುವುದನ್ನು ಗಂಡನೇ ಕಲಿಸಿದ್ದ.

"ಅವನ ಜಾಕೆಟ್ಟೇ ಹಾಕ್ಕೋ," ಅಂದಳು ಅತ್ತೆ. "ಕಡ್ಡಿ ಪೈಲ್ವಾನ ಅವನು. ನಿನಗೆ ಆಗುತ್ತೆ."

"ಬೇಡ ಅತ್ತೆ. ಅದು ನಿಮ್ಮ ಹತ್ರಾನೇ ಇರ್ಲಿ."

"ಬೀರು ಏನು ಬಿದ್ದು ಕೈಕಾಲು ಮುರ್ಕೊಳ್ಳುತ್ತಾ? ನಡಿ, ಅವನ ಹೆಲ್ಮೆಟ್ಟೂ ತಗೋ, ನಿನಗೆ ಸರಿಹೋಗುತ್ತಾ ಅಂತ ಅಂಗಡೀಲಿ ತೋರ್ಸೋಣ."

ರೈಡಿಂಗ್ ಸಾಮಾನಿನ ಅಂಗಡಿಯವನು ಅವಳಿಗೆ ಜಾಕೆಟ್ಟು ತೊಡಿಸಿ, ಕೈ ಮಡಚಿಸಿ ನೋಡಿದ. "ಮೊಣಕೈ ಪ್ಯಾಡು ಜಾಗ ಬಿಟ್ಟು ಜಾರ್ತಿಲ್ಲ. ಹೇಳಿ ಮಾಡಿಸಿದ ಹಾಗಿದೆ. ಹೆಲ್ಮೆಟ್ಟು ಮಾತ್ರ ಹೊಸದೇ ತಗೊಳ್ಳಿ, ಅವರದ್ದು ನಿಮ್ಮ ತಲೇಲಿ ಅಲ್ಲಾಡ್ತಿದೆ. ಕೆನ್ನೆ ಒತ್ತಬೇಕು, ಹಣೆ ನೋಯಬಾರದು."

ಅತ್ತೆ ಒಂದೊಂದೇ ಹೆಲ್ಮೆಟ್ಟು ಹಾಕಿಸಿ, ಗದ್ದ ಹಿಡಿದು ಅಲುಗಿಸಿ ನೋಡಿದಳು.

"ಇದ್ರಲ್ಲಿ ಮಾತೇ ಸರಿಯಾಗಿ ಬರ್ತಿಲ್ಲ ಅತ್ತೆ."

"ಹಾಗಾದ್ರೆ ಇದೇ ಇರ್ಲಿ."

ಇಬ್ಬರಿಗೂ ನಗು ಬಂತು. ನಕ್ಕಿದ್ದಕ್ಕೆ ಇಬ್ಬರಿಗೂ ನಾಚಿಕೆಯಾಯಿತು.

ಅಷ್ಟರಲ್ಲಿ ಅಂಗಡಿಯವನು ಕಾಲರು ಮಗುಚಿ ನೋಡಿದ. "ಇದನ್ನ ಕಟ್ಟಿಟ್ಟಿದ್ರಾ ಅಮ್ಮ? ಬೂಷ್ಟು ಹಿಡಿದಿದೆ ನೋಡಿ. ಹೀಗೇ ಬಿಟ್ರೆ ಹೊಲಿಗೆ ಲಡ್ಡಾಗುತ್ತೆ. ಬಿದ್ದಾಗ ಅದು ಬಿಚ್ಕೊಂಡ್ರೆ ಜಾಕೆಟ್ಟು ಇದ್ದೂ ಇಲ್ಲದ ಹಾಗೆ. ಪ್ಯಾಡೆಲ್ಲ ತೆಗೆದು ಕೈಯಲ್ಲಿ ಒಗೀರಿ, ನೆರಳಲ್ಲಿ ಒಣಗ್ಸಿ."

ಮನೆಗೆ ಬಂದ ಮೇಲೆ ಅತ್ತೆ ಜಾಕೆಟ್ಟನ್ನು ಮತ್ತೆ ಚೀಲಕ್ಕೆ ಹಾಕಲಿಲ್ಲ.

ಮರುದಿನ ಬೆಳಿಗ್ಗೆ ನಲ್ಲಿಯ ಸದ್ದಿಗೆ ಸೊಸೆ ಎದ್ದು ಬಂದಳು. ಬಚ್ಚಲಿನಲ್ಲಿ ಅತ್ತೆ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಹೆಗಲಿನ, ಮೊಣಕೈಯ, ಬೆನ್ನಿನ ಪ್ಯಾಡುಗಳು ಪಕ್ಕದಲ್ಲಿದ್ದವು, ಅವುಗಳಲ್ಲಿ ಅವನ ಮೈಯ ಬಾಗು ಇನ್ನೂ ಹಾಗೇ ಇತ್ತು. ಜಾಕೆಟ್ಟು ಬಕೆಟ್ಟಿನಲ್ಲಿ ಮುಳುಗಿತ್ತು. ಅತ್ತೆಯ ಕೈಗಳು ನೀರೊಳಗೆ ಸುಮ್ಮನೆ ನಿಂತಿದ್ದವು.

"ಕೊಡಿ ಅತ್ತೆ, ನಾನು ಒಗೀತೀನಿ."

"ಬೇಡ. ಅವನ ಮೊದಲನೇ ಬಟ್ಟೆ ಒಗೆದವಳು ನಾನು. ಇದನ್ನೂ ನಾನೇ ಒಗೀತೀನಿ."

ಕಾಲರು, ಕಂಕುಳು, ತೋಳಿನ ತುದಿ, ಒಂದೊಂದನ್ನೂ ಮೆಲ್ಲಗೆ ಉಜ್ಜಿದಳು. ನೀರು ಕಪ್ಪಾಯಿತು. ಜಾಕೆಟ್ಟು ಹಿಂಡಿ ಸೊಸೆಯ ಕೈಗೆ ಕೊಟ್ಟಳು. ಆದರೆ ಆ ನೀರು ಚೆಲ್ಲಲು ಅವಳಿಂದ ಆಗಲಿಲ್ಲ. ಬಕೆಟ್ಟಿನ ಅಂಚು ಹಿಡಿದುಕೊಂಡೇ ಕೂತಳು. ಸೊಸೆ ಪಕ್ಕದಲ್ಲಿ ಕೂತು, ಅವಳ ಕೈಯ ಮೇಲೆ ಕೈಯಿಟ್ಟಳು. ಇಬ್ಬರೂ ಸೇರಿ ಬಕೆಟ್ಟು ಬಗ್ಗಿಸಿದರು.

"ಹೋಯ್ತಲ್ಲೇ," ಅಂದಳು ಅತ್ತೆ. "ಹೋಗೇಬಿಟ್ನಲ್ಲೇ."

ಅವನನ್ನು ಹೊತ್ತೊಯ್ದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ಸೊಸೆ ಒದ್ದೆ ಜಾಕೆಟ್ಟು ಮಡಿಲಲ್ಲಿಟ್ಟುಕೊಂಡೇ ಅವಳನ್ನು ತಬ್ಬಿಕೊಂಡಳು.

ಕೆಲಸಕ್ಕೆ ಸೇರುವ ದಿನ ಅತ್ತೆಯೇ ಜಿಪ್ಪನ್ನು ಕತ್ತಿನವರೆಗೂ ಎಳೆದಳು, ಗ್ಲೌಸಿನ ಪಟ್ಟಿ ಬಿಗಿದಳು. "ನಿಧಾನಕ್ಕೆ ಹೋಗು. ಲೇಟಾದ್ರೆ ಬೈಸ್ಕೋ, ಪರವಾಗಿಲ್ಲ."

ಬೈಕು ತಿರುವಿನಲ್ಲಿ ಮರೆಯಾಯಿತು. ಅತ್ತೆ ಒಳಗೆ ಹೋಗಲಿಲ್ಲ. ಸಂಜೆ ಸೊಸೆ ಬರುವ ತನಕ ಮೆಟ್ಟಿಲ ಮೇಲೇ ಕೂತಿದ್ದಳು.