ಬಲಗಿವಿ

ಮಾರುಕಟ್ಟೆಯಲ್ಲಿ ಅವನ ನಿಜವಾದ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಸಿಡಿಮದ್ದು ಎಂದರೆ ಸಾಕು, ಮೂಲೆಯ ಕುರಿಮಾಂಸದ ಅಂಗಡಿಯವನು ಎಂದು ಎಲ್ಲರಿಗೂ ಗೊತ್ತಾಗುತ್ತಿತ್ತು. ಮೂಗಿನ ತುದಿಯಲ್ಲೇ ಕೋಪ. ಮಾತಿಗಿಂತ ಮೊದಲು ಕೈ. ಗಿರಾಕಿಯೊಬ್ಬ ತೂಕದ ಬಗ್ಗೆ ಅನುಮಾನಪಟ್ಟನೆಂದು ತಕ್ಕಡಿಯನ್ನೇ ಎತ್ತಿ ಬೀದಿಗೆ ಎಸೆದಿದ್ದ. ಆಮೇಲೆ ತಾನೇ ಹೋಗಿ ಹೆಕ್ಕಿಕೊಂಡು ಬಂದ, ಅದು ಬೇರೆ ಮಾತು. ಇಂಥವನು ಹೆದರುತ್ತಿದ್ದದ್ದು ಒಬ್ಬಳಿಗೆ ಮಾತ್ರ, ಎದುರು ಸಾಲಿನಲ್ಲಿ ಮೀನು ಕತ್ತರಿಸುವ ಅಕ್ಕನಿಗೆ. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅವಳೇ. ಒಂದು ದಿನವೂ ಅವನ ಮೇಲೆ ಕೈ ಎತ್ತಿದವಳಲ್ಲ. ತಪ್ಪು ಮಾಡಿದಾಗ ಸುಮ್ಮನೆ ನೋಡುತ್ತಿದ್ದಳು. ಆ ನೋಟಕ್ಕಿಂತ ನಾಲ್ಕು ಏಟು ಬಿದ್ದಿದ್ದರೆ ವಾಸಿ ಎಂದು ಅವನಿಗೆ ಎಷ್ಟೋ ಸಲ ಅನಿಸಿತ್ತು.

ಮೀನು ಮಾಂಸ ಇದ್ದಲ್ಲಿ ಬೆಕ್ಕು ಇರದೆ ಇನ್ನೇನು ಆನೆ ಇರುತ್ತದೆಯೇ? ಕಸದ ತೊಟ್ಟಿಯಲ್ಲಿ, ಛಾವಣಿಯ ತಗಡಿನ ಮೇಲೆ, ಖಾಲಿ ಪೆಟ್ಟಿಗೆಗಳ ಸಂದಿಯಲ್ಲಿ, ಎಲ್ಲಿ ನೋಡಿದರೂ ಬೆಕ್ಕು. ಅವು ಹೆತ್ತವು, ಮರಿಗಳು ಬೆಳೆದು ಮತ್ತೆ ಹೆತ್ತವು. ಮಾರುಕಟ್ಟೆಯ ಯಜಮಾನ, ಎಂದರೆ ಮಂಜುಗಡ್ಡೆಯ ವ್ಯಾಪಾರಿ, ತಲೆಕೆಟ್ಟು ಒಬ್ಬ ದೊಣ್ಣೆಯವನನ್ನು ಕರೆಸಿದ. ಆ ಪುಣ್ಯಾತ್ಮನ ಕೆಲಸ ಬಹಳ ಸರಳವಾಗಿತ್ತು. ಸಿಕ್ಕ ಬೆಕ್ಕನ್ನು ಗೋಣಿಗೆ ತುಂಬುವುದು, ಗೋಣಿಯನ್ನು ನೆಲಕ್ಕೆ ಹಾಕುವುದು, ಒಳಗೆ ಅಲುಗಾಟ ನಿಲ್ಲುವವರೆಗೆ ಬಡಿಯುವುದು. ಗೋಣಿಗೆ ಹಿಡಿಸದ ಮರಿಗಳನ್ನು ಹಿಂಗಾಲು ಹಿಡಿದು ನೀರಿನ ತೊಟ್ಟಿಯ ಗೋಡೆಗೆ ಬೀಸುತ್ತಿದ್ದ. ಜನ ಮುಖ ತಿರುಗಿಸಿಕೊಂಡು ಮೀನು ಕೊಂಡರು. ದಿನವಿಡೀ ಕುರಿ ಕಡಿಯುವ ಸಿಡಿಮದ್ದಿಗೂ ಆ ಗೋಡೆಯ ಕಡೆ ನೋಡಲು ಆಗಲಿಲ್ಲ.

ಅಕ್ಕ ಮಾತ್ರ ನೋಡಿದಳು. ಹಾಲೂಡುತ್ತಿದ್ದ ಒಂದು ಬೆಕ್ಕಿನ ಮೇಲೆ ದೊಣ್ಣೆ ಏಳುವಾಗ ನಡುವೆ ಹೋಗಿ ಕೈ ಅಡ್ಡ ಹಿಡಿದಳು. ಮೊಣಕೈ ಕೆಳಗಿನ ಮೂಳೆ ಮುರಿದ ಸದ್ದು ಎದುರು ಸಾಲಿಗೆ ಕೇಳಿಸಿತು. ಸಿಡಿಮದ್ದು ಕಟ್ಟೆ ಹಾರಿ ಬಂದವನೇ ದೊಣ್ಣೆಯವನ ಬಾಯಿಗೆ ಗುದ್ದಿದ. ಅವನು ಬಿದ್ದ ಮೇಲೂ ಗುದ್ದಿದ. ಮುಂದಿನ ಹಲ್ಲುಗಳು ಮೀನಿನ ಹುರುಪೆಯ ನಡುವೆ ಬಿದ್ದವು. ನಾಲ್ಕು ಜನ ಸೇರಿ ಎಳೆಯದಿದ್ದರೆ ಅವತ್ತೇ ಒಂದು ಹೆಣ ಬೀಳುತ್ತಿತ್ತು.

ಆ ಗಲಾಟೆಯ ನಂತರ ಅಕ್ಕ ಯಜಮಾನನ ಹತ್ತಿರ ಒಂದು ಒಪ್ಪಂದ ಮಾಡಿಕೊಂಡಳು. ಬೆಕ್ಕುಗಳನ್ನು ಒಂದೊಂದಾಗಿ ಬೋನಿನಲ್ಲಿ ಹಿಡಿದು ಪಶುವೈದ್ಯೆಯ ಹತ್ತಿರ ಒಯ್ಯುವುದು. ಡಾಕ್ಟರಮ್ಮ ಮಂಪರು ಬರುವ ಮದ್ದು ಕೊಟ್ಟು, ಮರಿ ಆಗದಂತೆ ಆಪರೇಷನ್ ಮಾಡಿ, ಗುರುತಿಗೆ ಎಡಗಿವಿಯ ತುದಿ ನೇರವಾಗಿ ಕತ್ತರಿಸುವುದು. ಮತ್ತೆ ಹಿಡಿದ ಜಾಗದಲ್ಲೇ ಬಿಡುವುದು.

"ಮತ್ತೆ ಇಲ್ಲೇ ಬಿಡೋದಾದ್ರೆ ಹಿಡಿಯೋದ್ಯಾಕೆ?" ಎಂದು ಯಜಮಾನ ಕೇಳಿದ್ದ.

"ಇವನ್ನ ಕೊಂದ್ರೆ ಆಚೆ ಬೀದಿಯಿಂದ ಬೇರೆ ಬರ್ತವೆ, ಅವೂ ಹೆರ್ತವೆ. ಇವು ಇದ್ರೆ ಹೊಸಬರನ್ನ ಒಳಗೆ ಬಿಡಲ್ಲ, ತಾವೂ ಹೆರಲ್ಲ. ಇಲಿ ಕಾಟನೂ ಇರಲ್ಲ."

"ಆಯ್ತು. ಕಿವಿ ಕತ್ತರಿಸಿದ ಬೆಕ್ಕಿನ ತಂಟೆಗೆ ಯಾರೂ ಹೋಗಲ್ಲ. ಆದ್ರೆ ಇಲ್ಲಿ ಇನ್ನೊಂದು ಮರಿ ಕಣ್ಣಿಗೆ ಬಿತ್ತೋ, ದೊಣ್ಣೆಯವನು ವಾಪಸ್ ಬರ್ತಾನೆ. ಆಗ ಕಿವಿ ಗಿವಿ ನೋಡಲ್ಲ."

ಅಕ್ಕ ಕೈಗೆ ಪಟ್ಟಿ ಕಟ್ಟಿಕೊಂಡೇ ಕೆಲಸ ಶುರು ಮಾಡಿದಳು. ಬೋನಿನೊಳಗೆ ಬಂಗುಡೆ ಮೀನಿನ ತಲೆ ಇಡುವಳು, ಬಾಗಿಲು ಬಿದ್ದೊಡನೆ ಮೇಲೆ ಬಟ್ಟೆ ಹೊದಿಸುವಳು. ಕತ್ತಲಾದರೆ ಬೆಕ್ಕು ಹೆದರಿ ತಲೆ ಚಚ್ಚಿಕೊಳ್ಳುವುದಿಲ್ಲ. ಮುರಿದ ಕೈ ಸೊಟ್ಟಗೇ ಕೂಡಿಕೊಂಡಿತು, ಬೆಕ್ಕುಗಳ ಕಿವಿಗಳು ಒಂದೊಂದಾಗಿ ಮೊಟಕಾದವು. ಕೊನೆಗೆ ಉಳಿದದ್ದು ಒಂದು ಬೂದು ಹೆಣ್ಣು. ಎಲ್ಲರೂ ಅದನ್ನು ಚಂಡಿ ಎನ್ನುತ್ತಿದ್ದರು. ಬೋನಿನ ಹತ್ತಿರ ಬಂದು ಮೂಸಿ, ಕೂತು, ಮೈ ನೆಕ್ಕಿಕೊಂಡು ಹೋಗುತ್ತಿತ್ತು. ಮೀನಿನ ತಲೆಗೆ ಮರುಳಾಗುವಷ್ಟು ದಡ್ಡ ಬೆಕ್ಕಲ್ಲ ಅದು.

ಯಜಮಾನ ಗಡುವು ಹಾಕಿದ. ಅಕ್ಕ ಇನ್ನೂ ಕೆಲವು ದಿನ ಬೇಡಿದಳು. ಅವನು ಮಂಜುಗಡ್ಡೆ ಒಡೆಯುತ್ತಲೇ, ಮುಖ ಎತ್ತದೆ, ಆಗುವುದಿಲ್ಲ ಎಂದ. ಅವಳು ಸೊಟ್ಟ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಮತ್ತೊಮ್ಮೆ ಬೇಡಿದಳು. ಅದನ್ನು ಸಿಡಿಮದ್ದು ಕುರಿ ಕಡಿಯುವುದನ್ನು ಬಿಟ್ಟು ನೋಡುತ್ತಿದ್ದ. ಯಜಮಾನನಿಗೆ ಗುದ್ದುವಂತಿರಲಿಲ್ಲ. ಆದ್ದರಿಂದ ಅವನು ತನ್ನ ಬುದ್ಧಿಗೆ ಕೆಲಸ ಕೊಟ್ಟ. ಅದಕ್ಕೆ ಅಂಥ ಅಭ್ಯಾಸ ಇರಲಿಲ್ಲ ಎಂಬುದೇ ತೊಂದರೆ.

ಯಜಮಾನ ನೋಡುವುದೇನು? ಕಿವಿ. ಕಿವಿ ತುಂಡಾಗಿದ್ದರೆ ಬೆಕ್ಕು ಉಳಿಯಿತು, ಅಕ್ಕನ ಮಾನವೂ ಉಳಿಯಿತು. ಹುಲಿಯನ್ನು ನೋಡಿ ನರಿ ಬರೆ ಹಾಕಿಕೊಂಡ ಕಥೆ ಅವನಿಗೂ ಗೊತ್ತಿತ್ತು, ಆದರೆ ಆ ಹೊತ್ತಿಗೆ ನೆನಪಾಗಲಿಲ್ಲ.

ಮರುದಿನ ಮಧ್ಯಾಹ್ನ ಅಂಗಡಿಗಳು ಮುಚ್ಚಿ ಅಕ್ಕ ಮನೆಗೆ ಹೋದ ಮೇಲೆ ಚಂಡಿಯನ್ನು ಖಾಲಿ ಪೆಟ್ಟಿಗೆಗಳನ್ನು ಇಡುವ ಕೋಣೆಗೆ ಅಟ್ಟಿ ಬಾಗಿಲು ಹಾಕಿಕೊಂಡ. ಬೆಕ್ಕು ಗೋಡೆ ಹತ್ತಿತು, ಜಾರಿತು, ಅವನ ತಲೆಯ ಮೇಲೆ ಹಾರಿ ಕತ್ತಿನ ಚರ್ಮ ಸುಲಿಯಿತು. ಗೋಣಿ ಎಸೆದ. ಬೆಕ್ಕು ಗೋಣಿಯನ್ನೇ ಸೀಳಿಕೊಂಡು ಬಂದು ಅವನ ಹೆಬ್ಬೆರಳಿನ ಬುಡಕ್ಕೆ ಹಲ್ಲಿಳಿಸಿತು, ಮೂಳೆ ತಗುಲುವವರೆಗೆ. ಅವನು ಕಿರುಚುತ್ತಾ ಅದನ್ನು ನೆಲಕ್ಕೆ ಅದುಮಿದ. ಮೊಣಕಾಲುಗಳ ನಡುವೆ ಸಿಕ್ಕಿಸಿ, ಕತ್ತು ಹಿಡಿದು, ಮುಖವನ್ನು ತನ್ನ ಮುಖದ ಕಡೆಗೆ ತಿರುಗಿಸಿದ. ಮೀನಿನ ರೆಕ್ಕೆ ತೆಗೆಯುವ ಅಕ್ಕನ ಕತ್ತರಿಯನ್ನು ಮೊದಲೇ ತಂದಿಟ್ಟುಕೊಂಡಿದ್ದ. ಎಡಗಿವಿ, ಎಡಗಿವಿ ಎಂದು ತನಗೆ ತಾನೇ ಹೇಳಿಕೊಂಡು, ತನ್ನ ಎಡಗಡೆಗೆ ಕಂಡ ಕಿವಿಗೆ ಕತ್ತರಿ ಇಟ್ಟು ಒತ್ತಿದ.

ಮೊದಲ ಸಲ ಪೂರ್ತಿ ತುಂಡಾಗಲಿಲ್ಲ. ಎರಡನೆಯ ಸಲ ಒತ್ತಬೇಕಾಯಿತು. ಆ ಕೂಗು ಬೆಕ್ಕಿನದಾಗಿರಲಿಲ್ಲ, ಹಸುಗೂಸಿನದಾಗಿತ್ತು. ರಕ್ತ ಅದರ ಕಣ್ಣಿಗೆ ಇಳಿಯಿತು. ಅವನು ಕೈ ಸಡಿಲಿಸಿದ್ದೇ ತಡ, ಅವನ ತೊಡೆ ಗೀರಿಕೊಂಡು ಕಿಟಕಿಯಿಂದ ಹಾರಿ ಹೋಯಿತು. ಕಾಲ ಬಳಿ ಬಿದ್ದಿದ್ದ ಉಗುರಿನಷ್ಟು ತುಂಡನ್ನು ಅವನು ಪೆಟ್ಟಿಗೆಯ ಕೆಳಗೆ ಒದ್ದುಬಿಟ್ಟ.

"ಡಾಕ್ಟರಮ್ಮನ ವ್ಯಾನ್ ಬಂದಿತ್ತು. ನಾನೇ ಹಿಡಿದು ಕೊಟ್ಟೆ. ಆಪರೇಷನ್ ಮಾಡಿ ತಂದು ಬಿಟ್ರು," ಎಂದು ಎರಡು ದಿನ ಕಳೆದ ಮೇಲೆ ಅಕ್ಕನಿಗೆ ಹೇಳಿದ. ಯಜಮಾನ ತಗಡಿನ ಮೇಲೆ ಕೂತ ಮೊಟಕು ಕಿವಿಯನ್ನು ದೂರದಿಂದ ನೋಡಿ ಸರಿ ಎಂದು ತಲೆ ಅಲ್ಲಾಡಿಸಿದ. ಅಕ್ಕ ತಮ್ಮನ ಊದಿದ ಕೈ ಹಿಡಿದು ಅತ್ತುಬಿಟ್ಟಳು. ಅವನನ್ನು ಆಸ್ಪತ್ರೆಗೆ ಎಳೆದುಕೊಂಡು ಹೋಗಿ ಹುಚ್ಚುಬೆಕ್ಕಿನ ವಿಷ ಏರದಂತೆ ಸೂಜಿ ಹಾಕಿಸಿದಳು, ಪ್ರತಿ ಸಲವೂ ಪಕ್ಕದಲ್ಲಿ ಕೂತಳು. "ನೀನು ಒರಟ ಅಂತಾರೆ. ನಿನ್ನ ಕರುಳು ನನಗೊಬ್ಬಳಿಗೇ ಗೊತ್ತು ಕಣೋ," ಎಂದಳು. ಸೂಜಿಗಿಂತ ಆ ಮಾತು ಹೆಚ್ಚು ನೋಯಿಸಿತು. ಆದರೂ ಅವನು ಬಾಯಿ ಬಿಡಲಿಲ್ಲ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದರೆ ಲೋಕಕ್ಕೆ ಕಾಣುವುದಿಲ್ಲವೇ?

ಕಂಡಿತು. ಒಂದು ಬೆಳಿಗ್ಗೆ, ವ್ಯಾಪಾರದ ಬಿಸಿಯಲ್ಲೇ, ಯಜಮಾನನ ಪೆಟ್ಟಿಗೆಯೊಂದರಿಂದ ಕೀಚಲು ದನಿ ಕೇಳಿಸಿತು. ಅರ್ಧ ಸರಿದಿದ್ದ ಮುಚ್ಚಳ ತೆಗೆದರೆ ಕಣ್ಣು ಬಿಡದ ಮರಿಗಳು. ಅವುಗಳ ಮೇಲೆ ಬೆನ್ನು ಸೆಟೆಸಿಕೊಂಡು ನಿಂತ ಚಂಡಿ.

ಯಜಮಾನ ಆಳು ಕಳಿಸಿದ. ದೊಣ್ಣೆಯವನು ಹಲ್ಲಿಲ್ಲದ ಬಾಯಿ ತೆರೆದು ನಗುತ್ತಾ ಬಂದ. ಇಡೀ ಮಾರುಕಟ್ಟೆ ಸುತ್ತ ನೆರೆಯಿತು.

"ಕಿವಿ ಕತ್ತರಿಸಿದ ಬೆಕ್ಕು ಹೆತ್ತಿದೆ," ಎಂದ ಯಜಮಾನ ಅಕ್ಕನಿಗೆ. "ಇಷ್ಟು ದಿನ ನಮ್ಮ ಕಿವಿಗೆ ಹೂವಿಟ್ಟೆ ಅಲ್ವಾ? ಸುಮ್ನೆ ಕಿವಿ ಕತ್ತರಿಸಿ ಬಿಡ್ತಿದ್ದೆ. ಒಂದೂ ಉಳೀಬಾರದು ಇನ್ನು. ಎಲ್ಲಾ ಬಡಿದುಹಾಕಿಸ್ತೀನಿ."

ಅಕ್ಕ ಪೆಟ್ಟಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಚಂಡಿ ಬುಸುಗುಟ್ಟಿತು. ಅಕ್ಕ ಅದರ ಕಿವಿ ನೋಡಿದಳು. ವಕ್ರವಾಗಿ, ಎರಡು ಕಚ್ಚಿನಲ್ಲಿ ತುಂಡಾದ ಕಿವಿ. ಬಲಗಿವಿ. ಆಮೇಲೆ ಅವಳು ತಲೆ ತಿರುಗಿಸಿ ತಮ್ಮನ ಹೆಬ್ಬೆರಳಿನ ಬುಡದ ಗಾಯದ ಕಲೆ ನೋಡಿದಳು. ಕೊನೆಗೆ ಅವನ ಮುಖ ನೋಡಿದಳು.

"ತಪ್ಪು ನನ್ನದು, ಯಜಮಾನ್ರೇ," ಎಂದಳು ಅಕ್ಕ ಎದ್ದು ನಿಂತು. "ಇದೊಂದು ನನ್ನ ಕೈ ತಪ್ಪಿತು. ಉಳಿದವು ಹಾಗಲ್ಲ."

"ನಂಬೋದು ಹೇಗೆ?"

"ಅಕ್ಕನಿಗೆ ಗೊತ್ತಿಲ್ಲ!" ಸಿಡಿಮದ್ದು ಜನರನ್ನು ತಳ್ಳಿಕೊಂಡು ಮುಂದೆ ಬಂದ. "ಇದರ ಕಿವಿ ಕತ್ತರಿಸಿದ್ದು ನಾನು. ಈ ಕೈಯಿಂದ. ಡಾಕ್ಟರಮ್ಮ ಇದನ್ನ ಮುಟ್ಟೇ ಇಲ್ಲ. ಅಕ್ಕನಿಗೂ ಸುಳ್ಳು ಹೇಳಿದೆ."

"ಅಕ್ಕನ್ನ ಉಳಿಸೋಕೆ ತಮ್ಮ ಕಥೆ ಕಟ್ತಿದ್ದಾನೆ," ಎಂದು ಯಜಮಾನ ದೊಣ್ಣೆಯವನಿಗೆ ಕಣ್ಣು ಮಾಡಿದ.

ದೊಣ್ಣೆ ಇಳಿಯಿತು. ಗುರಿ ಚಂಡಿಯ ಮೇಲಿತ್ತು, ಅದು ಪಕ್ಕಕ್ಕೆ ಜಿಗಿಯಿತು, ಏಟು ಅದರ ಕೆಳಗಿದ್ದ ಮರಿಯೊಂದಕ್ಕೆ ಬಿತ್ತು. ಮರಿ ಕೀಚೆನ್ನಲೂ ಇಲ್ಲ. ಪೆಟ್ಟಿಗೆಯ ತಳದಲ್ಲಿ ಒದ್ದೆಯಾದ ಬೂದು ಮುದ್ದೆಯೊಂದು ಉಳಿಯಿತು. ಚಂಡಿ ಓಡಿಹೋಗಬಹುದಿತ್ತು. ಓಡದೆ ಉಳಿದ ಮರಿಗಳ ಮೇಲೆ ಮತ್ತೆ ಹರಡಿಕೊಂಡು ನಿಂತಿತು.

ಬೀಸುವ ದೊಣ್ಣೆಯಿಂದ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರೆ. ಸಿಡಿಮದ್ದು ತಪ್ಪಿಸಿಕೊಳ್ಳಲು ಹೋಗಲಿಲ್ಲ. ಎರಡನೆಯ ಏಟಿಗೆ ದೊಣ್ಣೆ ಏಳುವಷ್ಟರಲ್ಲಿ ಪೆಟ್ಟಿಗೆಯ ಮೇಲೆ ಕವುಚಿಕೊಂಡು ಬಿದ್ದ. ಏಟು ಅವನ ಬೆನ್ನಿಗೆ ಬಿತ್ತು. ದೊಣ್ಣೆಯವನು ಒಂದು ಗಳಿಗೆ ತಡೆದ. ಆಮೇಲೆ ತನ್ನ ಹಲ್ಲುಗಳು ನೆನಪಾದವೋ ಏನೋ, ಮತ್ತೆ ಹೊಡೆದ. ಭುಜಕ್ಕೆ ಹೊಡೆದ, ಪಕ್ಕೆಗೆ ಹೊಡೆದ, ತಲೆಗೆ ಹೊಡೆದ. ಕೆಳಗಿನಿಂದ ಚಂಡಿ ಅವನ ಎದೆಯನ್ನು ಪರಪರನೆ ಕೆರೆದು ಹರಿಯುತ್ತಿತ್ತು. ಅದಕ್ಕೆ ಅವನು ರಕ್ಷಕನಲ್ಲ, ಕಿವಿ ಕತ್ತರಿಸಿದವನು. ಅವನ ಮುಷ್ಟಿ ತಾನಾಗಿ ಬಿಗಿಯಿತು. ಒಂದೇ ಒಂದು ಗುದ್ದು ಸಾಕಿತ್ತು, ಇವನಿಗೆ ಉಳಿದ ಹಲ್ಲುಗಳೂ ಉದುರುತ್ತಿದ್ದವು. ಆದರೆ ತಾನು ಕೈ ಎತ್ತಿದರೆ ಬೆಕ್ಕುಗಳನ್ನೆಲ್ಲ ಬಡಿಸಲು ಯಜಮಾನನಿಗೆ ಬೇಕಾದ ನೆಪವೇ ಸಿಕ್ಕಂತಾಗುತ್ತದೆ ಎಂದು, ಬದುಕಿನಲ್ಲಿ ಮೊದಲ ಸಲ, ಗುದ್ದುವ ಮೊದಲು ಹೊಳೆಯಿತು. ಅವನು ಪೆಟ್ಟಿಗೆಯ ಅಂಚು ಹಿಡಿದು ಬಿದ್ದುಕೊಂಡ. ಪಕ್ಕೆಲುಬು ಲಟಕ್ಕೆಂದಿತು.

"ಮೇಲೆ ನೋಡಿ!" ಅಕ್ಕ ಚೀರಿದಳು. ಅವಳ ದನಿ ಅಷ್ಟು ಏರಬಲ್ಲದೆಂದು ಯಾರಿಗೂ ಗೊತ್ತಿರಲಿಲ್ಲ. "ಯಜಮಾನ್ರೇ, ತಗಡಿನ ಮೇಲೆ ನೋಡಿ!"

ಗಲಾಟೆಗೆ ಹೆದರಿ ಬೆಕ್ಕುಗಳೆಲ್ಲ ಛಾವಣಿ ಏರಿ ಕೆಳಗೆ ಇಣುಕುತ್ತಿದ್ದವು.

"ಒಂದೊಂದೇ ನೋಡಿ. ಎಲ್ಲಾ ಎಡಗಿವಿ, ನೇರ ಕತ್ತರಿಸಿದ್ದು. ಇದೊಂದೇ ಬಲಗಿವಿ, ಸೊಟ್ಟ. ಡಾಕ್ಟರಮ್ಮನಿಗೆ ಎಡ ಬಲ ಗೊತ್ತಿಲ್ವಾ? ಈ ನನ್ನ ತಮ್ಮನಂಥ ಮೂರ್ಖ ಮಾತ್ರ ಬೆಕ್ಕನ್ನ ಎದುರು ಕೂರಿಸಿಕೊಂಡು ತನ್ನ ಎಡಗಡೆ ಕತ್ತರಿಸ್ತಾನೆ. ಬೇರೆ ಯಾವುದಾದ್ರೂ ಹೆತ್ತಿದೆಯಾ, ಹೇಳಿ!"

ಯಜಮಾನ ಕತ್ತೆತ್ತಿ ನೋಡಿದ. ಜನರೂ ನೋಡಿದರು. ಹೌದಲ್ಲ, ಎಡಗಿವಿಯೇ ಎಂದು ಯಾರೋ ಅಂದರು. ಯಜಮಾನ ಕೆಳಗೆ ಹರಿದು ತನ್ನ ಮಂಜುಗಡ್ಡೆಗೆ ಮುಚ್ಚಿದ್ದ ಹೊಟ್ಟಿಗೆ ಸೇರುತ್ತಿದ್ದ ರಕ್ತವನ್ನೂ ನೋಡಿದ.

"ಸಾಕು ನಿಲ್ಲಿಸೋ," ಎಂದ ದೊಣ್ಣೆಯವನಿಗೆ. "ಇವನು ಸತ್ತರೆ ಪೊಲೀಸರು ಬಂದು ವಾರ ಪೂರ್ತಿ ಮಾರುಕಟ್ಟೆ ಮುಚ್ಚಿಸ್ತಾರೆ." ಆಮೇಲೆ ಅಕ್ಕನ ಕಡೆ ತಿರುಗಿ, "ಇದನ್ನೂ ಇದರ ಮರಿಗಳನ್ನೂ ಈಗಲೇ ಇಲ್ಲಿಂದ ಎತ್ತು. ಎಡಗಿವಿಯವು ಇರಲಿ," ಎಂದ.

ಅಕ್ಕ ಬೋನು ತಂದಳು. ಉಳಿದ ಮರಿಗಳನ್ನು ಒಂದೊಂದಾಗಿ ಸೆರಗಿನಲ್ಲಿ ಎತ್ತಿ ಒಳಗಿಟ್ಟಳು. ಇಷ್ಟು ದಿನ ಮೀನಿನ ತಲೆಗೆ ಬಗ್ಗದ ಚಂಡಿ ಮರಿಗಳ ಹಿಂದೆ ತಾನಾಗಿಯೇ ನಡೆದು ಹೋಯಿತು. ಮರಿಗಳು ಹಾಲು ಬಿಡುವವರೆಗೆ ಪಶು ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಇಡಬೇಕು, ಆಮೇಲೆ ಆಪರೇಷನ್. ಸತ್ತ ಮರಿಯನ್ನು ಅವಳು ಬೇರೆ ಬಟ್ಟೆಯಲ್ಲಿ ಸುತ್ತಿಕೊಂಡಳು. ಬೋನಿನ ಮೇಲೆ ಬಟ್ಟೆ ಹೊದಿಸಿದ ಮೇಲೆ ತಮ್ಮನ ಹತ್ತಿರ ಬಂದಳು.

ಅವನು ತನ್ನ ಅಂಗಡಿಯ ಕಟ್ಟೆಗೆ ಒರಗಿ ಕೂತಿದ್ದ. ಒಂದು ಕಣ್ಣು ಮುಚ್ಚಿಹೋಗಿತ್ತು. ಉಸಿರು ಎಳೆದರೆ ಪಕ್ಕೆಯಲ್ಲಿ ಸೂಜಿ ಚುಚ್ಚುತ್ತಿತ್ತು. ಆದರೂ ಒಳಗೆಲ್ಲೋ ಸ್ವಲ್ಪ ಹಗುರವಾಗಿತ್ತು. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರಲ್ಲ, ಉಂಡಾಯಿತು, ಲೆಕ್ಕ ಚುಕ್ತಾ ಆಯಿತು ಎಂದುಕೊಂಡಿದ್ದ. ಅಕ್ಕ ಅವನ ತಲೆಯ ಗಾಯ ತೊಳೆದು ಪಟ್ಟಿ ಸುತ್ತತೊಡಗಿದಳು. ಅವಳ ಕೈ ಯಾವಾಗಲೂ ಇದ್ದಷ್ಟೇ ಮೆತ್ತಗಿತ್ತು.

"ಅಕ್ಕಾ, ಬೈಯೇ. ಹೊಡಿ ಬೇಕಾದ್ರೆ."

ಅವಳು ಪಟ್ಟಿ ಸುತ್ತುತ್ತಲೇ ಇದ್ದಳು.

"ಡಾಕ್ಟರಮ್ಮ ಮಂಪರು ಬರೋ ಮದ್ದು ಕೊಟ್ಟು ಕತ್ತರಿಸ್ತಾರೆ," ಎಂದಳು ಕೊನೆಗೆ. "ಬೆಕ್ಕಿಗೆ ಗೊತ್ತೇ ಆಗಲ್ಲ. ನೀನು ಕತ್ತರಿಸುವಾಗ ಅದಕ್ಕೆ ಎಚ್ಚರ ಇತ್ತಾ?"

ಅವನಿಗೆ ಪೆಟ್ಟಿಗೆ ಕೋಣೆ ಕಣ್ಣಿಗೆ ಕಟ್ಟಿತು. ತನ್ನ ಮುಖದ ಎದುರಿಗಿದ್ದ ಆ ಮುಖ, ಅಗಲವಾಗಿ ತೆರೆದಿದ್ದ ಆ ಕಣ್ಣುಗಳು. ಒಂದು ಸಲ ಒತ್ತಿದ್ದು, ಮತ್ತೊಂದು ಸಲ ಒತ್ತಿದ್ದು.

"ಇತ್ತು," ಎಂದ.

ಅಕ್ಕನ ಕೈ ನಿಂತಿತು. ಅವಳು ಪಟ್ಟಿಯ ಉಳಿದ ಸುರುಳಿಯನ್ನು ಅವನ ಮಡಿಲಲ್ಲಿ ಇಟ್ಟಳು.

"ಮಿಕ್ಕಿದ್ದು ನೀನೇ ಕಟ್ಕೋ," ಎಂದು ಹೇಳಿ, ಸೊಟ್ಟ ಕೈಗೆ ಬೋನು ಸಿಕ್ಕಿಸಿಕೊಂಡು ಆಸ್ಪತ್ರೆಯ ದಾರಿ ಹಿಡಿದಳು.

ದೊಣ್ಣೆಯ ಕೆಳಗೆ ಒಂದು ಹನಿ ಕಣ್ಣೀರು ಹಾಕದವನು ಅಂಗಡಿಯ ಕಟ್ಟೆಗೆ ಹಣೆ ಒತ್ತಿ ಬಿಕ್ಕಿ ಬಿಕ್ಕಿ ಅತ್ತ. ಗಿರಾಕಿಯೊಬ್ಬ ಬಂದು ನಿಂತು, ನೋಡಿ, ಸದ್ದಿಲ್ಲದೆ ಮುಂದಿನ ಅಂಗಡಿಗೆ ಹೋದ. ಆಮೇಲೆ ಸಿಡಿಮದ್ದು ಪಟ್ಟಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮಿಕ್ಕಿದ್ದನ್ನು ತಾನೇ ಕಟ್ಟಿಕೊಂಡ.